ಬಿಸಿಯಾಗದ ಆಂಪ್ಲಿಫೈಯರ್

ಅಪ್ಪಾ,

ಆಂಪ್ಲಿಫೈಯರಿನ ಸರ್ಕ್ಯೂಟ್ ಬೋರ್ಡಿಗೆ ಎಂಬತ್ತು ಸಾವಿರ ಪೆಸೊ ಆಯಿತು, ಬಿಸ್ಕತ್ತಿನ ಡಬ್ಬಿ ಬಿಟ್ಟಿ. ನಿನ್ನ ಹೊಸ ಆಂಪ್ಲಿಫೈಯರ್ ಅದರೊಳಗಿದೆ. ಸೊಂಟ ಹಿಡಿದಾಗಿನಿಂದ, ಗಾಜಿನ ವಾಲ್ವುಗಳ ಆ ಭಾರದ ಹಳೆಯದನ್ನು ಎತ್ತಲಾಗದೆ, ನೀನು ಒಂದು ರೆಕಾರ್ಡನ್ನೂ ಹಾಕಿಲ್ಲವೆಂದು ನಾನೇ ಕೂತು ಜೋಡಿಸಿದೆ.

ಜೋಳದ ಅರೆಪಾ ರೊಟ್ಟಿ ಒಲೆಯ ಮೇಲಿದೆ, ಮೊದಲು ತಿನ್ನು.

ಬೀದಿ ಕುಣಿತಕ್ಕೆ ಹಾಡು ಹಾಕುವ ನಿನ್ನ ಪಿಕೊದ ದೊಡ್ಡ ಸ್ಪೀಕರಿಗೆ ತಂತಿ ಕೊಟ್ಟಿದ್ದೇನೆ. ಸಂಜೆ ಬೀದಿಯವರು ಕುಣಿಯಲು ಬರುತ್ತಾರೆ. ನಿಮ್ಮ ವಾಲ್ವಿನ ಕಾಲದವರ ಹಾಗೆ ಮುಚ್ಚಳ ಮುಟ್ಟಿ, ತಣ್ಣಗಿದೆ, ಕೆಟ್ಟಿದೆ ಎಂದು ಬಿಚ್ಚಲು ಹೋಗಬೇಡ. ಇದು ಎಷ್ಟು ಹಾಡಿದರೂ ಬಿಸಿಯಾಗುವುದಿಲ್ಲ.

ನಿನ್ನೆ ಹಾಕಿ ನೋಡಿದಾಗ ಎದುರುಮನೆಯ ಎಡಿಲ್ಮಾ ಓಡಿಬಂದಳು. "ಏನೇ ಇದು, ಇಷ್ಟು ಜೋರಾಗಿ ಹಾಡಿದ್ರೂ, ಹಳೇದು ಹಾಡಿದಾಗ ಆಗ್ತಿದ್ದ ಹಾಗೆ ನಮ್ಮನೆ ದೀಪ ಮಂಕಾಗ್ಲೇ ಇಲ್ವಲ್ಲ! ನಿಮ್ಮಪ್ಪ ಎಲ್ಲಿ? ಕರಿ!"

ವಾಲ್ವಿನ ಆ ತುಂಬು ದನಿ ಇದರಲ್ಲಿಲ್ಲ, ಅದು ಹೋಯಿತು. ಆದರೆ ಇದನ್ನು ನೀನು ಯಾರನ್ನೂ ಕರೆಯದೆ ಒಂದೇ ಕೈಯಲ್ಲಿ ಎತ್ತಬಹುದು.

ಯಾನೆತ್