ಡಿಸ್ಕಿನಲ್ಲಿ ಉಳಿದ ಹಾಡು

ಬಸವಕಲ್ಯಾಣ,
ಗುರುವಾರ

ಆಯಿಗೆ ನಿನ್ನ ರತ್ನಮಾಲಾಳ ಜೈಭೀಮ್.

ಹೋದ ವಾರ ನಿನಗೆ ಬರೆಯಲು ಧೈರ್ಯವಾಗಲಿಲ್ಲ. ಲಿನಕ್ಸ್ ಅಪ್‌ಡೇಟ್ ನಡೆದಿರುವಾಗಲೇ ಕರೆಂಟು ಹೋಗಿ, ನನ್ನ ಕಂಪ್ಯೂಟರ್ ಮತ್ತೆ ಶುರುವಾಗಲೇ ಇಲ್ಲ. ಗಂಟಲಿನ ಆಪರೇಷನ್ ಆಗಿ ನಿನ್ನ ದನಿ ಹೋಗುವ ಮುಂಚೆ ನೀನು ಹಾಡಿದ ಬೀಸುವ ಹಾಡುಗಳೆಲ್ಲ ಅದರಲ್ಲೇ ಇದ್ದವು. ಬೇರೆಲ್ಲೂ ಇಟ್ಟಿರಲಿಲ್ಲ. ತಪ್ಪು ನನ್ನದೇ.

ಹುಮನಾಬಾದಿನ ಗೆಳತಿ ಜಗದೇವಿ ಫೋನಿನಲ್ಲಿ, "ಅಳಬ್ಯಾಡ, ಡಿಸ್ಕಿನಾಗ ಎಲ್ಲಾ ಇರ್ತದ" ಎಂದಳು. ಅವಳು ಸಿದ್ಧಮಾಡಿ ಬಸ್ಸಿನಲ್ಲಿ ಕಳಿಸಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರುಮಾಡಿ, ಮೊದಲು ಹಾಡುಗಳನ್ನು ನಕಲು ಮಾಡಿಕೊಂಡೆ. ಆಮೇಲೆ ಅವಳು ಹೇಳಿದಂತೆ, ಅರ್ಧಕ್ಕೆ ನಿಂತ ಅಪ್‌ಡೇಟನ್ನು ಪೂರ್ತಿ ಮಾಡಿದೆ. ಇಂದು ಮಧ್ಯಾಹ್ನ ಕಂಪ್ಯೂಟರ್ ತಾನಾಗಿಯೇ ಎದ್ದಿತು.

ಕೂತು ಕೇಳಿದೆ. ಕಿಟಕಿಯ ಬಿಸಿಲಿನಲ್ಲಿ ಧೂಳು ಜೋಳದ ಹಿಟ್ಟಿನಂತೆ ತೇಲುತ್ತಿತ್ತು. ನಡುವೆ ಹಾಡು ನಿಲ್ಲಿಸಿ ನೀನು, "ರತ್ನಾ, ಚಾ ಉಕ್ಕಾಕತ್ತದ ನೋಡವ್ವ" ಎಂದೆ. ನಾನು "ಹೂಂ ಆಯಿ" ಎಂದು ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ. ಒಲೆ ತಣ್ಣಗಿತ್ತು.

ರವಿವಾರ ದುಬಲಗುಂಡಿ ಬಸ್ಸಿಗೆ ಬರುತ್ತೇನೆ. ಅವತ್ತು ಪಾಟಿಯ ಮೇಲೆ ಏನೂ ಬರೆದು ತೋರಿಸಬೇಡ. ನನ್ನ ಪಕ್ಕ ಕೂತು ಕೇಳು, ಸಾಕು.

ನಿನ್ನ
ರತ್ನಾ