ಪ್ರೇತ ನಕ್ಷತ್ರದ ಮಗಳು

ಶಾವೊಶಿಂಗ್

ಅಕ್ಕನಿಗೆ ಯಿನ್‌ಮೇಯ ನಮಸ್ಕಾರ.

ಮೊನ್ನೆ ಬೆಳಿಗ್ಗೆ ನನಗೆ ಹೆಣ್ಣು ಮಗು ಹುಟ್ಟಿತು. ಚಂದ್ರ ಅವತ್ತು ಪ್ರೇತ ನಕ್ಷತ್ರದಲ್ಲಿದ್ದ. ಅತ್ತೆ ಪಂಚಾಂಗ ನೋಡಿ ಅಳುತ್ತ ಕೂತರು. ಪಕ್ಕದ ಮನೆಯ ಶೆನ್ ಅಜ್ಜಿ, “ಇಂಥ ಕೂಸನ್ನ ಮನೇಲಿ ಇಟ್ಕೋಬಾರ್ದು ಕಣೇ, ಯಾರಿಗಾದ್ರೂ ಸಾಕೋಕೆ ಕೊಟ್ಬಿಡು” ಅಂದರು. ಒಳಗೆ ಮಲಗಿದ್ದ ನಾನು ಮಗುವನ್ನು ಅವಚಿಕೊಂಡೆ.

ಮಾವ ಕೇಳಿದರು, “ಈ ನಕ್ಷತ್ರದಲ್ಲಿ ಮಾಡೋಕೆ ಒಳ್ಳೇ ಕೆಲಸ ಒಂದೂ ಇಲ್ವಾ?”

“ಹೂಳೋದೊಂದೇ ಶುಭ. ಯಾರನ್ನ ಹೂಳ್ತೀರಿ, ನನ್ನನ್ನಾ?” ಎಂದು ಅತ್ತೆ ರೇಗಿದರು.

“ನಿನ್ನ ಬಾಯಿ ಹಿಡಿಸೋವಷ್ಟು ದೊಡ್ಡ ಗುಂಡಿ ನನ್ ಕೈಲಿ ತೋಡೋಕಾಗಲ್ಲ” ಎಂದು ಮಾವ ಗುದ್ದಲಿ ಹಿಡಿದು ಅಂಗಳಕ್ಕೆ ಇಳಿದರು.

ಈ ಊರಲ್ಲಿ ಹೆಣ್ಣು ಹುಟ್ಟಿದರೆ ಒಂದು ಗಡಿಗೆ ಅಕ್ಕಿಯ ಮದ್ಯ ಹೂತಿಟ್ಟು, ಅವಳ ಮದುವೆಯ ದಿನ ತೆಗೆಯುತ್ತಾರೆ. ತಿಂಗಳು ತುಂಬಿದ ಮೇಲೆ ಹೂಳುವುದು ವಾಡಿಕೆ. ಮಾವ ಕಾಯಲಿಲ್ಲ, ಅವತ್ತೇ ಕರ್ಪೂರದ ಮರದ ಕೆಳಗೆ ಅಗೆದರು. ಅತ್ತೆ ಗೊಣಗುತ್ತಲೇ ಹೋಗಿ, “ಹಾಗಲ್ಲ, ಗಾಳಿ ಹೋಗುತ್ತೆ, ಕೊಡಿ ಇಲ್ಲಿ” ಎಂದು ಗಡಿಗೆಯ ಬಾಯಿಗೆ ತಾವೇ ಕೆಮ್ಮಣ್ಣು ಮೆತ್ತಿದರು. ಕಿಟಕಿಯಿಂದ ಎಲ್ಲ ನೋಡಿದೆ. ಗಡಿಗೆ ಹೂತ ಮೇಲೆ ಮಗಳನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ.

ಹಾಲು ಚೆನ್ನಾಗಿ ಬರುತ್ತಿದೆ. ಬೆಲ್ಲದ ನೀರಲ್ಲಿ ಬೇಯಿಸಿದ ಮೊಟ್ಟೆ ತಿಂದು ತಿಂದು ಸಾಕಾಗಿದೆ, ನೀನೂ ಮೊಟ್ಟೆ ಕಳಿಸಬೇಡ. ನಕ್ಷತ್ರದ ವಿಷಯ ಅಮ್ಮನಿಗೆ ಹೇಳಬೇಡ. ಕಾಗದದಲ್ಲಿ ಜಾಗ ಮುಗಿಯಿತು. ಗಡಿಗೆ ತೆಗೆಯುವ ದಿನ ಮೊದಲ ಬಟ್ಟಲು ನಿನಗೆ.

ಯಿನ್‌ಮೇ