ಕರಟದ ಎಣ್ಣೆಯ ವಾಸನೆ

ಸಿಂಧೂ,

ನಿನ್ನೆ ಫೋನಿನಲ್ಲಿ ನೀನು ಅಷ್ಟು ಸಂತೋಷದಿಂದ ಮಾತಾಡಿದೆ, ನಾನು ಹ್ಞೂಂ ಎಂದದ್ದಷ್ಟೇ. ನಾವು ಕಳಿಸಿದ ಕರಟದ ಎಣ್ಣೆಯ ಹನಿ ಬಿದ್ದ ಕಡೆ ನಿಮ್ಮ ಲ್ಯಾಬಿನ ತಟ್ಟೆಯಲ್ಲಿದ್ದ ರೋಗಾಣುಗಳೆಲ್ಲ ಸತ್ತು, ಸುತ್ತ ಉಂಗುರದ ಹಾಗೆ ಬೋಳು ಜಾಗ ಉಳಿದಿದೆ ಎಂದೆ. ಮುಂದಿನ ವಾರ ಅದನ್ನು ನಿಮ್ಮ ಮೇಷ್ಟ್ರುಗಳಿಗೆ ತೋರಿಸುತ್ತೀಯಂತೆ. ಆಮೇಲೆ, ಆ ಎಣ್ಣೆಯಿಂದ ಗಾಯದ ಮೇಲೆ ಹೊಸ ಚರ್ಮ ಬೇಗ ಬೆಳೆಯುತ್ತದೆಯೇ ಎಂದು ನೋಡುತ್ತೀಯಂತೆ. ತೋರಿಸಬೇಡ ಸಿಂಧು. ಆ ಬಾಟಲಿಯಲ್ಲಿದ್ದದ್ದು ಬರೀ ಕರಟದ ಎಣ್ಣೆಯಲ್ಲ.

ಹಳೇಬೀಡಿನ ಆ ಮಧ್ಯಾಹ್ನ ನಿನಗೆ ನೆನಪಿರಲಿಕ್ಕಿಲ್ಲ. ನೀನು ಲ್ಯಾಬಿನವರ ಜೊತೆ ದೇವಸ್ಥಾನ ನೋಡಲು ಬಂದಿದ್ದೆ, ನಾನು ಅರಸೀಕೆರೆಯಿಂದ ಬಸ್ಸಿನಲ್ಲಿ ಒಂದು ಸಣ್ಣ ಶೀಶೆ ತಂದಿದ್ದೆ. ಹುಲ್ಲಿನ ಮೇಲೆ ಕೂತು ಮುಚ್ಚಳ ತೆಗೆದಾಗ ನಿನ್ನ ಜೊತೆಯ ಸಮ್ಯಕ್ ಮೂಗು ಹಿಡಿದುಕೊಂಡು, "ಏನ್ ಸಿಂಧು, ರೋಡಿಗ್ ಹಾಕೋ ಡಾಂಬರ್ ತರಿಸಿದ್ಯಾ?" ಎಂದ. ಎಲ್ಲರೂ ನಕ್ಕರು. ನೀನೂ ಸ್ವಲ್ಪ ನಕ್ಕೆ. ತಪ್ಪೇನಲ್ಲ, ನಗು ಬರುವ ಮಾತೇ. ಆದರೆ ಆ ವಾಸನೆ ಶೀಶೆಯಲ್ಲಿ ಮಾತ್ರ ಇರಲಿಲ್ಲ, ನನ್ನ ಕೂದಲಲ್ಲಿ, ಬಟ್ಟೆಯಲ್ಲಿ ಎಲ್ಲ ಕಡೆ ಇತ್ತು. ಐದನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ನಿನಗೆ ಅಂಟಿಕೊಂಡು ಕೂತವಳು, ಅವತ್ತು ಗಾಳಿ ಬೀಸುವ ದಿಕ್ಕು ನೋಡಿಕೊಂಡು ದೂರ ಕೂತೆ.

ಮನೆಗೆ ಬಂದು ಸಿಟ್ಟನ್ನೆಲ್ಲ ಅವ್ವನ ಮೇಲೆ ತೀರಿಸಿದೆ. "ನಿನ್ನ ಎಣ್ಣೆ ನಾರ್ತೈತೆ, ಜನ ಮೂಗ್ ಮುಚ್ಕೊಂತಾರೆ" ಎಂದೆ. ತಳದಲ್ಲಿ ತೂತಿರುವ ಮಡಕೆಗೆ ಕರಟದ ಚೂರು ತುಂಬಿ, ಕೆಳಗೆ ನೆಲದಲ್ಲಿ ಪಾತ್ರೆ ಹೂತು, ಮೇಲೆ ಬೆಂಕಿ ಹಾಕಿ ಹನಿಹನಿಯಾಗಿ ಇಳಿಸುವ ಎಣ್ಣೆ ಅದು. ನಮ್ಮ ಬೀದಿಯವರ ಹುಳುಕಡ್ಡಿಗೆಲ್ಲ ಅದೇ ಮದ್ದು. ಆಮೇಲೆ ಪರೀಕ್ಷೆಗೆಂದು ನೀನು ಕೇಳಿದ ದೊಡ್ಡ ಬಾಟಲಿ ತುಂಬಿಸುವಾಗ ಅವ್ವ, ಮಾಲೇಕಲ್ಲಿನ ದೇವಸ್ಥಾನಕ್ಕೆ ಹೋದಾಗ ತಂದಿಟ್ಟಿದ್ದ ತೀರ್ಥದ ಪಚ್ಚಕರ್ಪೂರವನ್ನು ಪುಡಿಮಾಡಿ ಅದರೊಳಗೆ ಸುರಿದಳು. "ಓದ್ದೋರ ಕೈಗೆ ಹೋಗೋದು ಕಣವ್ವ, ಗಮ್ ಅನ್ಲಿ" ಎಂದಳು. ನಾನು ಬೇಡ ಎನ್ನಲಿಲ್ಲ. ಮೂಸಿ ನೋಡಿ ಸಮಾಧಾನಪಟ್ಟೆ.

ನಿನ್ನೆ ನೀನು ಮಾತಿನ ನಡುವೆ, ಅರಿಶಿನ, ಜೇನುತುಪ್ಪ, ಕರ್ಪೂರ ಎಲ್ಲವನ್ನೂ ಹೀಗೇ ಪರೀಕ್ಷೆ ಮಾಡುತ್ತೇವೆ, ಕರ್ಪೂರಕ್ಕೂ ರೋಗಾಣು ಸಾಯುತ್ತವೆ ಎಂದಾಗ ಅವ್ವ ಸುರಿದ ಪುಡಿ ನೆನಪಾಯಿತು. ಆ ಉಂಗುರ ಎಣ್ಣೆಯದೋ ಕರ್ಪೂರದ್ದೋ, ಈಗ ಹೇಗೆ ಹೇಳುವುದು? ಅವ್ವನಿಗೆ ತಿಳಿಸಿದೆ. "ದೇವ್ರ ಕರ್ಪೂರ ಕಣೇ, ನಾನೇನ್ ವಿಷ ಹಾಕ್ದ್ನಾ?" ಎಂದಳು. ಅವಳ ಮುಖ ಸಣ್ಣದಾಯಿತು. ತನ್ನ ಎಣ್ಣೆಯ ಬಗ್ಗೆ ಅವಳಿಗೆ ಯಾವತ್ತೂ ನಾಚಿಕೆ ಇರಲಿಲ್ಲ ಸಿಂಧು. ಹಳೇಬೀಡಿನಿಂದ ಆ ನಾಚಿಕೆಯನ್ನು ತಂದು ಅವಳಿಗೆ ಕೊಟ್ಟವಳು ನಾನು.

ಈ ಕಾಗದದ ಜೊತೆ ಹೊಸ ಬಾಟಲಿ ಇದೆ. ಇವತ್ತು ಬೆಂಕಿಯ ಮುಂದೆ ಕೂತವಳು ನಾನೇ, ಏನೂ ಬೆರೆಸಿಲ್ಲ. ಈ ಸಲ ಉಂಗುರ ಚಿಕ್ಕದಾಗಬಹುದು, ಮೂಡದೆಯೂ ಇರಬಹುದು. ಏನು ಬಂತೋ ಅದನ್ನೇ ತೋರಿಸು. ಮುಚ್ಚಳ ತೆಗೆದಾಗ ಯಾರಾದರೂ ಮೂಗು ಹಿಡಿದುಕೊಂಡರೆ, ಇದು ನಮ್ಮ ಸೌಂದರ್ಯಳ ಮನೆಯ ವಾಸನೆ ಎಂದು ಹೇಳು.

ನಿನ್ನ ಕೈಯಿಂದ ನಾಲ್ಕು ಜನರ ಗಾಯ ಮಾಯಲಿ. ಅವ್ವನೂ ಹಾಗೇ ಹರಸಿದ್ದಾಳೆ.

ನಿನ್ನ ಬೆಂಚಿನವಳು,
ಸೌಂದರ್ಯ